ಎಡ ಬಟ್ಟಲಿನ ಗಂಧ

ಆ ವರ್ಷ ನಾವು ಕಾದಾಡಿದ್ದು ಒಂದು ಸಂಖ್ಯೆಗಾಗಿ. ಗಂಟೆಗೆ ಇನ್ನೂರು ಮಿಲಿಮೀಟರ್.

ಮಳೆಮಾಪಕಗಳಿಗೆ ಒಂದು ಅಂತರರಾಷ್ಟ್ರೀಯ ಮಾನಕ ಸಿದ್ಧವಾಗುತ್ತಿತ್ತು. ಮಾಪಕ ಹೇಗಿರಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು, ಎಷ್ಟು ತಪ್ಪಿದರೆ ಒಪ್ಪಬಹುದು ಎಂದೆಲ್ಲ ಹೇಳುವ ದಾಖಲೆ ಅದು. ಕರಡಿನಲ್ಲಿ ಪರೀಕ್ಷೆ ಗಂಟೆಗೆ ನೂರು ಮಿಲಿಮೀಟರಿನ ಬಿರುಸಿಗೆ ನಿಂತುಬಿಡುತ್ತಿತ್ತು. ಕರಡು ಬರೆದವರ ಊರುಗಳಲ್ಲಿ ಅದಕ್ಕಿಂತ ಜೋರು ಮಳೆ ಅಪರೂಪ. ನಮ್ಮಲ್ಲಿ ಹಾಗಲ್ಲ. ಇಡೀ ಗಂಟೆ ಸುರಿಯಬೇಕಾಗಿಲ್ಲ, ಹತ್ತು ಹದಿನೈದು ನಿಮಿಷ ಆ ಬಿರುಸಿನಲ್ಲಿ ಹೊಡೆದರೂ ರಾಜಕಾಲುವೆ ತುಂಬಿ ಕೆಳಸೇತುವೆಯಲ್ಲಿ ಕಾರು ತೇಲುತ್ತದೆ. ಆ ಹತ್ತು ನಿಮಿಷವನ್ನು ಮಾಪಕ ಸರಿಯಾಗಿ ಅಳೆಯಬೇಕಾದರೆ ಅದನ್ನು ಇನ್ನೂರಕ್ಕೂ ಪರೀಕ್ಷಿಸಬೇಕು. ನಮ್ಮ ದೇಶದ ಕಡೆಯಿಂದ ಹೋಗಿದ್ದ ಬೇಡಿಕೆ ಇಷ್ಟೇ.

ನಾನು ಆ ಅಂತರರಾಷ್ಟ್ರೀಯ ಕಾರ್ಯತಂಡದ ಕಾರ್ಯದರ್ಶಿ. ಹವಾಮಾನ ಓದಿದವಳಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ತಿದ್ದಿದ ಅಭ್ಯಾಸವಿತ್ತು, ಅದರಿಂದ ಕರಡಿನ ಪಠ್ಯ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಬಸವೇಶ್ವರನಗರದ ಮನೆಯ ಊಟದ ಮೇಜೇ ಕಚೇರಿ. ತಂಡದ ಉಳಿದವರ ಊರುಗಳಲ್ಲಿ ಬೆಳಿಗ್ಗೆಯಾದಾಗ ಇಲ್ಲಿ ಮಧ್ಯಾಹ್ನ ಕಳೆದಿರುತ್ತಿತ್ತು. ಸಭೆ ಸಂಜೆಯವರೆಗೆ ಎಳೆಯುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಮೈಕು ಮುಚ್ಚಿಕೊಳ್ಳುತ್ತಿದ್ದೆ.

ಕೆಲಸದ ಕ್ರಮ ಹೀಗೆ. ಕರಡು ಪ್ರತಿ ದೇಶಕ್ಕೆ ಹೋಗುತ್ತದೆ. ಪ್ರತಿ ದೇಶವೂ ಕಲಂ ಕಲಮಿಗೆ ತಕರಾರು ಬರೆದು ಕಳಿಸುತ್ತದೆ. ಒಂದೊಂದು ತಕರಾರಿಗೂ ತಂಡ ಉತ್ತರ ಕೊಡಬೇಕು: ಒಪ್ಪಿದೆ, ಒಪ್ಪಿಲ್ಲ, ಗಮನಿಸಲಾಗಿದೆ. ‘ಗಮನಿಸಲಾಗಿದೆ’ ಎಂದರೆ ಒಪ್ಪಿಲ್ಲ ಎಂಬುದನ್ನು ಮುಖ ನೋಡಿ ಹೇಳಲು ಇಷ್ಟವಿಲ್ಲ ಎಂದು ಅರ್ಥ. ಇಡೀ ಮಾನಕ ನಿಂತಿರುವುದು ಎರಡು ಇಂಗ್ಲಿಷ್ ಪದಗಳ ಮೇಲೆ, ಶಲ್ ಮತ್ತು ಶುಡ್. ಶಲ್ ಎಂದರೆ ಮಾಡತಕ್ಕದ್ದು, ತಪ್ಪಿಸಿಕೊಳ್ಳುವಂತಿಲ್ಲ. ಶುಡ್ ಎಂದರೆ ಮಾಡಿದರೆ ಒಳ್ಳೆಯದು. ಒಂದು ಪದದಿಂದ ಇನ್ನೊಂದಕ್ಕೆ ಜಾರಿದರೆ ಕಾರ್ಖಾನೆಗಳ ಹಣೆಬರಹ ಬದಲಾಗುತ್ತದೆ. ತಿಂಗಳುಗಟ್ಟಲೆ ಆ ಪದಗಳನ್ನೇ ನೋಡಿ ನನಗೆ ಅವುಗಳ ರುಚಿ ಹೋಗಿತ್ತು. ಹೊರಗೆ ಮಳೆ ಬಂದರೆ ಕಿಟಕಿ ಹಾಕುತ್ತಿದ್ದೆ, ಅಷ್ಟೆ. ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧವಿದೆ ಎಂದು ಅನ್ನಿಸುತ್ತಿರಲಿಲ್ಲ.

ಮಾಪಕದ ಒಳಗಿನ ಏರ್ಪಾಡು ಸರಳ. ಮೇಲೊಂದು ಆಲಿಕೆ. ಕೆಳಗೆ, ಪಾರ್ಕಿನಲ್ಲಿ ಮಕ್ಕಳು ಆಡುವ ಸೀಸಾ ಹಲಗೆಯಂತೆ, ನಡುವೆ ಕೀಲಿಟ್ಟ ಜೋಡಿ ಬಟ್ಟಲು. ಎಡ ಬಟ್ಟಲು ತುಂಬಿದರೆ ವಾಲಿ ನೀರು ಚೆಲ್ಲುತ್ತದೆ. ಬಲ ಬಟ್ಟಲು ಮೇಲೆದ್ದು ಆಲಿಕೆಯ ಕೆಳಗೆ ಬರುತ್ತದೆ. ಅದು ತುಂಬಿದರೆ ಮತ್ತೆ ಆ ಕಡೆ. ಎಷ್ಟು ಸಲ ವಾಲಿತು ಎಂದು ಎಣಿಸಿದರೆ ಎಷ್ಟು ಮಳೆಯಾಯಿತು ಎಂದು ಗೊತ್ತಾಗುತ್ತದೆ. ತೊಂದರೆ ಇರುವುದು ವಾಲುವ ಆ ಒಂದು ಚಣದಲ್ಲಿ. ಆಗ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಸೋನೆಮಳೆಯಲ್ಲಿ ಆ ನಷ್ಟ ಏನೂ ಅಲ್ಲ. ಬಿರುಮಳೆಯಲ್ಲಿ ಬಟ್ಟಲು ಪಟಪಟನೆ ವಾಲುತ್ತಿರುವಾಗ ನಷ್ಟ ಬೆಳೆದು, ಮಾಪಕ ಬಿದ್ದದ್ದಕ್ಕಿಂತ ಕಡಿಮೆ ಮಳೆ ತೋರಿಸುತ್ತದೆ.

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಇದಕ್ಕೆ ಪರಿಹಾರ ಮಾಡಿದ್ದವರೊಬ್ಬರು ಇದ್ದರು. ತಂದೆಯ ಕಾಲದ ವರ್ಕ್‌ಶಾಪು, ಅರವತ್ತು ದಾಟಿದ ಮಾಲೀಕರು. ಅವರ ಮಾಪಕದಲ್ಲಿ ಆಲಿಕೆಗೂ ಬಟ್ಟಲಿಗೂ ನಡುವೆ ಒಂದು ಬಾಗಿದ ಕೊಳವೆ ಇತ್ತು. ಎಷ್ಟೇ ಜೋರಾಗಿ ಸುರಿದರೂ ಅದು ನೀರನ್ನು ತಡೆದು ಒಂದೇ ಹದದಲ್ಲಿ ಬಿಡುತ್ತಿತ್ತು. ಹಾಗಾಗಿ ಇನ್ನೂರಕ್ಕೂ ಮಾಪಕ ತಪ್ಪುತ್ತಿರಲಿಲ್ಲ. ಆದರೆ ಬೆಲೆ ಹೆಚ್ಚು. ತಯಾರಕರ ಪರವಾಗಿ ಅವರು ನಮ್ಮ ದೇಶದ ಸಮಿತಿಯಲ್ಲಿದ್ದರು. ಮೊದಲ ಸಲ ಶೆಡ್ಡಿಗೆ ಹೋದಾಗ ಲೋಟದಲ್ಲಿ ಟೀ ಕೊಟ್ಟು ಶುರು ಮಾಡಿದರು.

‘ಮೇಡಂ, ಅವರ ಮಳೆ ಅಂದ್ರೆ ಒಗ್ಗರಣೆ ಸಾಸಿವೆ. ಚಟಪಟ ಅಂತದೆ, ಮುಗೀತದೆ. ನಮ್ದು ಹಂಗಾ? ಬಕೇಟ್ ಎತ್ತಿ ತಲೆ ಮೇಲೆ ಹುಯ್ದಂಗೆ.’

‘ಅದನ್ನ ಸಭೆಯಲ್ಲಿ ಹೇಳಿದೀನಿ ಸಾರ್. ಸಾಸಿವೆ ಬಿಟ್ಟು.’

‘ಸಾಸಿವೇನೂ ಹೇಳ್ಬೇಕಿತ್ತು. ಆಗ ಅರ್ಥ ಆಗೋದು.’ ಆಮೇಲೆ ನಗು ನಿಲ್ಲಿಸಿ ಹೇಳಿದರು: ‘ನೂರಕ್ಕೆ ಪಾಸಾದ್ರೆ ಸಾಕು ಅಂತ ಬರೆದ್ಬಿಟ್ರೆ, ನಾಳೆ ಟೆಂಡರಲ್ಲಿ ನನ್ ಮಾಪಕ ಯಾರ್ ಮುಟ್ತಾರೆ ಹೇಳಿ? ಕೊಳವೆ ಇಲ್ದೇ ಇರೋ ಅಗ್ಗದ್ದನ್ನೇ ತಗೋತಾರೆ. ನಾನು ಬಾಗ್ಲು ಹಾಕ್ಕೊಂಡು ಲಗ್ಗೆರೇಲಿ ಮನೆ ಮುಂದೆ ಕುಂತ್ಕೊಂಡು ಹೋಗೋರ್ ಬರೋರನ್ನ ಎಣಿಸ್ಬೇಕು. ಇನ್ನೂರು ಬಂದ್ರೆ ಈ ಶೆಡ್ಡು. ಇಲ್ದೇ ಇದ್ರೆ ಇಲ್ಲ. ಅಷ್ಟೇಯ.’

ತಂಡದ ಅಧ್ಯಕ್ಷರು ಚಳಿ ದೇಶದವರು. ಸೌಜನ್ಯದ ಮನುಷ್ಯ. ಇನ್ನೂರನ್ನು ಅವರು ವಿರೋಧಿಸಲಿಲ್ಲ, ಒಂದು ಷರತ್ತು ಹಾಕಿದರು. ಒಂದೇ ಮಾಪಕವನ್ನು ಬೇರೆ ಬೇರೆ ದೇಶದ ಮೂರು ಪ್ರಯೋಗಾಲಯಗಳು ಒಂದಾದ ಮೇಲೊಂದರಂತೆ ಇನ್ನೂರಕ್ಕೆ ಪರೀಕ್ಷಿಸಬೇಕು. ಮೂರೂ ಒಂದೇ ಉತ್ತರ ಕೊಟ್ಟರೆ ಆ ಪರೀಕ್ಷೆ ನಂಬಲರ್ಹ, ಅದನ್ನು ‘ತಕ್ಕದ್ದು’ ಎಂದು ಬರೆಯೋಣ. ಮೂರಕ್ಕಿಂತ ಕಡಿಮೆಯಾದರೆ ಕಡ್ಡಾಯ ಮಾಡಲು ಆಧಾರ ಸಾಲದು. ಎಲ್ಲರೂ ಒಪ್ಪಿದರು. ನಾನು ನಿಯಮಾವಳಿ ಬರೆದೆ. ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಕಾಣಬಾರದು, ಎಲ್ಲವೂ ನನ್ನ ಬಳಿ ಬರಬೇಕು, ಒಟ್ಟಿಗೇ ತೆರೆಯಬೇಕು. ತೆರೆದ ಮೇಲೆ ಮರುಪರೀಕ್ಷೆ ಇಲ್ಲ. ಬೇರೆಯವರ ಉತ್ತರ ನೋಡಿ ತಮ್ಮದನ್ನು ತಿದ್ದಿಕೊಳ್ಳಬಾರದು ಎಂಬುದೇ ಇದರ ಉದ್ದೇಶ. ಒಂದು ವಿನಾಯಿತಿ ಮಾತ್ರ ಇಟ್ಟೆವು: ಸಾಗಣೆಯಲ್ಲಿ ಮಾಪಕಕ್ಕೆ ಏನಾದರೂ ಆಗಿದ್ದರೆ, ಸರಿಪಡಿಸಿ ಮತ್ತೊಮ್ಮೆ ಪರೀಕ್ಷಿಸಬಹುದು.

ಮೂರನೆಯ ಪ್ರಯೋಗಾಲಯ ಕೆಂಗೇರಿಯ ಕಡೆ ಇತ್ತು. ಅದರ ಮುಖ್ಯಸ್ಥೆ ನೀರಿನ ಹರಿವಿನ ಮೇಲೆ ಡಾಕ್ಟರೇಟ್ ಮಾಡಿದವರು, ನನಗಿಂತ ಬಹಳ ಚಿಕ್ಕವರು, ಮಲ್ಲತ್ತಹಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಒಂದು ಪಂಪು ಹದವಾಗಿ ನೀರು ಬಿಡುತ್ತಿತ್ತು. ಚೆಲ್ಲಿದ ನೀರನ್ನು ಒಂದು ಎಲೆಕ್ಟ್ರಾನಿಕ್ ತಕ್ಕಡಿ ತೂಗುತ್ತಿತ್ತು, ಕಂಪ್ಯೂಟರು ವಾಲಿಕೆಗಳನ್ನು ಎಣಿಸುತ್ತಿತ್ತು. ಮಾಪಕ ಮರದ ಪೆಟ್ಟಿಗೆಯಲ್ಲಿ, ಕಸ್ಟಮ್ಸಿನಲ್ಲಿ ಕೂತೆದ್ದು, ನವರಾತ್ರಿಯ ಹೊತ್ತಿಗೆ ಅವರ ಕೈಸೇರಿತು. ಪೆಟ್ಟಿಗೆ ತೆರೆದ ದಿನವೇ ಅವರು ಸಿರಿಂಜಿನಿಂದ ಒಂದೊಂದೇ ಬಟ್ಟಲಿಗೆ ನೀರು ಹಾಕಿ ನೋಡಿ, ಎಡಬಲ ಎರಡೂ ಸಮ ಇದೆ ಎಂದು ನನಗೆ ತಿಳಿಸಿದರು. ಹಬ್ಬ ಮುಗಿದ ಮೇಲೆ ಪರೀಕ್ಷೆ ನಡೆಯಿತು. ಫಲಿತಾಂಶ ಬಂತು.

ಮೂರನ್ನೂ ತೆರೆದು ಕೋಷ್ಟಕದಲ್ಲಿ ಪಕ್ಕಪಕ್ಕ ಇಟ್ಟೆ. ಇನ್ನೂರಕ್ಕೆ ಮೂರೂ ಒಂದೇ ಹೇಳುತ್ತಿದ್ದವು. ಮಾಲೀಕರಿಗೆ ಫೋನ್ ಮಾಡೋಣ ಎಂದು ಕೈ ಹೋಯಿತು. ಡೆಸ್ಕಿನ ಅಭ್ಯಾಸ ತಡೆಯಿತು: ಕೊನೆಯ ಸಾಲು ಓದುವವರೆಗೆ ತಲೆಬರಹ ಕೊಡಬಾರದು. ಕೊನೆಯ ಸಾಲು ಎಡಬಲದ ವ್ಯತ್ಯಾಸದ್ದು. ಎಡ ಬಟ್ಟಲು ವಾಲಲು ಬೇಕಾದ ನೀರು, ಬಲ ಬಟ್ಟಲು ವಾಲಲು ಬೇಕಾದ ನೀರು, ಇವೆರಡರ ಅಂತರ ಒಂದು ಮಿತಿಯೊಳಗಿರಬೇಕು. ಮೊದಲೆರಡು ಪ್ರಯೋಗಾಲಯಗಳಲ್ಲಿ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಕೆಂಗೇರಿಯದು ಮಿತಿ ದಾಟಿತ್ತು. ಎಡ ಬಟ್ಟಲು ಬೇಗ ವಾಲುತ್ತಿತ್ತು, ಬಲದ್ದು ತಡವಾಗಿ. ಒಂದರ ತಪ್ಪನ್ನು ಇನ್ನೊಂದರ ತಪ್ಪು ನುಂಗಿ ಸರಾಸರಿ ಮಾತ್ರ ಸರಿ ಬಂದಿತ್ತು. ಇಂಥ ಮಾಪಕದ ಫಲಿತಾಂಶ ಇಡಿಯಾಗಿ ಅಸಿಂಧು.

ಅಧ್ಯಕ್ಷರಿಗೂ ಅದು ಕಂಡಿತ್ತು. ಸಭೆಯಲ್ಲಿ ಬೇರೆಯವರು ಹೊರಟ ಮೇಲೆ ನನ್ನನ್ನು ಇರಲು ಹೇಳಿ, ಮೆಲ್ಲಗೆ ಮಾತಾಡಿದರು. ಸರಾಸರಿ ಸರಿ ಇದೆ, ನಿಮ್ಮ ಪ್ರಯೋಗಾಲಯ ಒಳ್ಳೆಯದು ಎಂದು ನನಗೆ ಗೊತ್ತು. ಸಾಗಣೆಯಲ್ಲಿ ಏನಾದರೂ ಆಗಿರಬಹುದು, ಹೋಗಿ ನೋಡಿ. ಹಾಗಾಗಿದ್ದರೆ ನಿಯಮದಲ್ಲಿ ದಾರಿ ಇದೆ ಎಂದರು. ಅವರು ನನ್ನನ್ನು ಸುಳ್ಳು ಬರೆಯಲು ಕೇಳಲಿಲ್ಲ. ಬಾಗಿಲು ಎಲ್ಲಿದೆ ಎಂದು ತೋರಿಸಿದರು.

ಮರುದಿನ ವಿಜಯನಗರದಿಂದ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆ. ಮುಖ್ಯಸ್ಥೆ ಮಾಪಕವನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ರಾತ್ರಿ ನಿದ್ದೆ ಬಂದಿಲ್ಲ ಎಂದರು. ಸ್ಕ್ರೂ ಬಿಚ್ಚಿದೆವು. ಕೀಲು ಸರಿಯಾಗಿತ್ತು. ಬಟ್ಟಲು ತಡೆಯುವ ತಿರುಪುಗಳು ಕದಲಿರಲಿಲ್ಲ, ಅವುಗಳ ಮೇಲಿನ ಬಣ್ಣದ ಗುರುತು ಹಾಗೇ ಇತ್ತು. ಬಟ್ಟಲ ಒಳಗೆ ಕೊಳೆ ಇರಲಿಲ್ಲ. ಅವರು ಜೋಡಿ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿನಿಂದ ಸವರುತ್ತ ಹೋದರು. ಎಡ ಬಟ್ಟಲಿನ ಹೊರಮೈಯಲ್ಲಿ ಬೆರಳು ನಿಂತಿತು.

ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಅದೇ ಬಣ್ಣದ ಒಂದು ಒಣಗಿದ ಚುಕ್ಕೆ. ಅದರಲ್ಲಿ ಅಂಟಿಕೊಂಡ ಒಂದು ಅಕ್ಕಿಕಾಳು.

ಅವರು ಬಟ್ಟಲನ್ನು ಮೇಜಿನ ಮೇಲಿಟ್ಟರು. ‘ಅಯ್ಯೋ,’ ಎಂದರು. ‘ಆಯುಧಪೂಜೆ.’

‘ಏನು?’

‘ನಾನೇ ಮೇಡಂ. ಆಯುಧಪೂಜೆ ದಿನ ನಾನೇ ಇಟ್ಟಿದ್ದು. ಗಂಧ, ಕುಂಕುಮ, ಅಕ್ಷತೆ. ಕುಂಕುಮ ನೀರಲ್ಲಿ ತೊಳ್ಕೊಂಡು ಹೋಗಿದೆ. ಗಂಧ ಕೂತಿದೆ.’

‘ಬಟ್ಟಲಿಗಾ?’

‘ಪಂಪಿಗಿಟ್ಟೆ, ಕಂಪ್ಯೂಟರ್‌ಗಿಟ್ಟೆ, ನಲ್ಲಿಗೂ ಇಟ್ಟೆ. ಇದೊಂದನ್ನೇ ಹೇಗೆ ಬಿಡೋದು? ಅಷ್ಟು ದೂರದಿಂದ ಬಂದಿರೋ ಅತಿಥಿ ಅಲ್ವಾ.’

‘ತಕ್ಕಡಿಗೆ?’

‘ತಕ್ಕಡಿ ತಟ್ಟೆಗೆ ಇಡ್ಲಿಲ್ಲ ಮೇಡಂ, ಪಕ್ಕದ ಡಬ್ಬಿಗಿಟ್ಟೆ. ಅಷ್ಟು ಬುದ್ಧಿ ಇದೆ ನಂಗೆ.’ ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದಂತೆ ಬಾಯಿ ಮುಚ್ಚಿಕೊಂಡರು. ಆಮೇಲೆ ಉಳಿದದ್ದನ್ನು ಹೇಳಿದರು. ಪೈಪು ಕೂರಿಸಿ ನೋಡಲೆಂದು ಅವತ್ತು ಮಾಪಕದ ಮುಚ್ಚಳ ತೆಗೆದಿದ್ದರಂತೆ. ಎಲ್ಲರೂ ಮಂಗಳಾರತಿಗೆ ಕರೆದರಂತೆ. ಬಲ ಬಟ್ಟಲು ಕೆಳಗೆ ವಾಲಿ ಮರೆಯಲ್ಲಿತ್ತು, ಎಡದ್ದು ಮೇಲೆದ್ದು ಎದುರಿಗೇ ಕಾಣುತ್ತಿತ್ತು. ಹಬ್ಬ ಕಳೆದು ಬಂದವರು ಹೂವು ತೆಗೆದು, ಪಂಪು, ಕಂಪ್ಯೂಟರಿನ ಮೇಲೆ ಕಣ್ಣಿಗೆ ಬಿದ್ದ ಕುಂಕುಮ ಒರೆಸಿ, ಮುಚ್ಚಳ ಹಾಕಿ ಕೆಲಸ ಶುರು ಮಾಡಿದ್ದರು.

ಚುಕ್ಕೆಯನ್ನು ಬ್ಲೇಡಿನಿಂದ ಬಿಡಿಸಿ ತೂಗಿದೆವು. ತೂಕವೆಂದು ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಬಟ್ಟಲು ಹಿಡಿಯುವುದೇ ಒಂದು ಚಮಚೆಯಷ್ಟು ನೀರು. ಎಡಕ್ಕೆ ಗಂಧ ಕೂತರೆ ಎಡ ಬಟ್ಟಲು ಅಷ್ಟು ಕಡಿಮೆ ನೀರಿಗೆ ವಾಲುತ್ತದೆ, ಬಲ ಬಟ್ಟಲು ಅದನ್ನು ಎತ್ತಬೇಕಾದ್ದರಿಂದ ಅಷ್ಟು ಹೆಚ್ಚು ನೀರಿಗೆ ಕಾಯುತ್ತದೆ. ಲೆಕ್ಕ ಹಾಕಿ ನೋಡಿದರೆ ಕೋಷ್ಟಕದ ಅಂತರಕ್ಕೆ ಸರಿಹೋಗುತ್ತಿತ್ತು. ಬಟ್ಟಲು ತೊಳೆದು ಮತ್ತೆ ಕೂರಿಸಿ ಇನ್ನೂರಕ್ಕೆ ಓಡಿಸಿದೆವು. ಎಡಬಲ ಸಮವಾಗಿತ್ತು. ಸರಾಸರಿ ಹಿಂದಿನಷ್ಟೇ ಬಂತು.

ಅಷ್ಟರಲ್ಲಿ ಮಾಲೀಕರೂ ಬಂದರು. ಕರೆದದ್ದು ಮುಖ್ಯಸ್ಥೆ. ಮಾಲೀಕರು ನಿಂತೇ ಎಲ್ಲ ಕೇಳಿಸಿಕೊಂಡರು, ಅಕ್ಕಿಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

‘ಇದೇನಾ ಮೇಡಂ ನನ್ ಶೆಡ್ಡಿಗೆ ಬೀಗ ಹಾಕೋದು?’

ಕಾಳನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

‘ಈಗ ಏನಂತೆ? ತೊಳೆದ್ರಲ್ಲ, ಸರಿ ಬಂತಲ್ಲ. ಕಳ್ಸಿ.’

ಕಳಿಸುವಂತಿಲ್ಲ ಎಂದು ವಿವರಿಸಿದೆ. ಫಲಿತಾಂಶ ತೆರೆದಾಗಿದೆ. ಇನ್ನು ಮರುಪರೀಕ್ಷೆ ಒಪ್ಪಬೇಕಾದರೆ ಮಾಪಕ ಕೆಟ್ಟಿದ್ದು ಸಾಗಣೆಯಲ್ಲಿ ಎಂದು ಪ್ರಯೋಗಾಲಯ ಬರೆದುಕೊಡಬೇಕು, ಕಾರ್ಯದರ್ಶಿ ದೃಢೀಕರಿಸಬೇಕು.

‘ಬರೀರಿ ಮತ್ತೆ.’

‘ಸಾಗಣೆಯಲ್ಲಿ ಆಗಿಲ್ಲ ಸಾರ್.’

‘ಹೆಂಗಾಗಿಲ್ಲ? ಗಂಧ ಎಲ್ಲಿಂದ ಬಂತು? ಅಂಗಡಿಯಿಂದ. ಅಂಗಡಿಗೆ? ಲಾರೀಲಿ. ಸಾಗಣೆ ಆಯ್ತಲ್ಲಪ್ಪ!’

ಮುಖ್ಯಸ್ಥೆಗೆ ನಗು ಬಂತು. ತಡೆಯಲಾಗದೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡು ಆಚೆ ತಿರುಗಿದರು. ಮಾಲೀಕರು ನಗಲಿಲ್ಲ. ಕುರ್ಚಿ ಎಳೆದು ಕೂತರು.

‘ನೋಡಿ, ನಾನು ಸುಳ್ ಹೇಳಿ ಅಂತಿಲ್ಲ. ಮಾಪಕ ಸರಿ ಇದೆ. ಪರೀಕ್ಷೆ ಸರಿ ಇದೆ. ಲೆಕ್ಕ ಸರಿ ಇದೆ. ಇನ್ನೂರು ಬೇಕು ಅನ್ನೋದು ನಿಮ್ಗೂ ಗೊತ್ತು, ಅವರಿಗೂ ಗೊತ್ತು. ಮಧ್ಯದಲ್ಲಿ ಒಂದು ಪದ. ಒಂದು ಪದ ಅಷ್ಟೇ ಮೇಡಂ.’

ಮುಖ್ಯಸ್ಥೆ ವರದಿಯ ಹಾಳೆ ತಂದರು. ಕಾರಣ ಬರೆಯುವ ಜಾಗ ಖಾಲಿ ಇತ್ತು. ‘ನೀವೇ ಹೇಳಿ ಮೇಡಂ, ಏನ್ ಬರೀಲಿ? ನನ್ನ ಹೆಸರು ಹೋದ್ರೆ ಹೋಗ್ಲಿ, ಮಾಡಿದೀನಿ, ಅನುಭವಿಸ್ತೀನಿ. ಆದ್ರೆ ಇವರು ಏನ್ ಮಾಡಿದ್ರು?’

ನಾನು ಹೊರಗೆ ವರಾಂಡಕ್ಕೆ ಬಂದು ನಿಂತೆ. ಯೋಚಿಸಿದ್ದು ಹೆಚ್ಚೇನೂ ಇಲ್ಲ. ಮಾಪಕವನ್ನು ಕೊನೆಯದಾಗಿ ಪೆಟ್ಟಿಗೆಗೆ ತುಂಬಿದ್ದು ಎರಡನೆಯ ಪ್ರಯೋಗಾಲಯ. ಅವರು ಒಂದೊಂದು ಹಂತದ ಚಿತ್ರ ತೆಗೆದು ನನಗೆ ಕಳಿಸಿದ್ದರು. ಬಟ್ಟಲು ಅಲ್ಲಾಡದಂತೆ ಸ್ಪಂಜು ಕತ್ತರಿಸಿ ಇಡುತ್ತಿದ್ದ ಎರಡು ಕೈಗಳು ಆ ಚಿತ್ರಗಳಲ್ಲಿದ್ದವು. ಮುಖವಿರಲಿಲ್ಲ. ‘ಸಾಗಣೆಯಲ್ಲಿ’ ಎಂದು ಬರೆದರೆ ಆ ಕೈಗಳ ಮನುಷ್ಯ ತನ್ನ ಕಚೇರಿಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಡೆಸ್ಕಿನಲ್ಲಿ ಒಂದು ನಿಯಮವಿತ್ತು: ಯಾರು, ಎಲ್ಲಿ ಎಂದು ಗೊತ್ತಿದ್ದ ಮೇಲೆ ‘ಎನ್ನಲಾಗಿದೆ’ ಹಾಕುವಂತಿಲ್ಲ. ನನಗೆ ಗೊತ್ತಿತ್ತು. ಇದನ್ನು ಧೈರ್ಯ ಎಂದು ಯಾರಾದರೂ ಕರೆದರೆ ಒಪ್ಪಲಾರೆ. ಆ ಹೊತ್ತಿನಲ್ಲಿ ನನಗೆ ಭಯವಾಗಲಿ ದುಃಖವಾಗಲಿ ಆಗಲಿಲ್ಲ. ಜೋಮು ಹಿಡಿದ ಕೈಕಾಲು ಇವೆ ಎಂದಷ್ಟೇ ಗೊತ್ತಿರುತ್ತದಲ್ಲ, ಹಾಗಿತ್ತು.

ಒಳಗೆ ಹೋಗಿ ಹೇಳಿದೆ: ‘ಪ್ರಯೋಗಾಲಯದಲ್ಲಿ, ಸಿಬ್ಬಂದಿಯಿಂದ, ಪರೀಕ್ಷೆಗೆ ಮೊದಲು. ಹೀಗೆ ಬರೀರಿ. ಕೆಳಗೆ ನಾನು ಸಹಿ ಹಾಕ್ತೀನಿ.’

ಮುಖ್ಯಸ್ಥೆ ಮಾಲೀಕರ ಮುಖ ನೋಡಿದರು.

‘ಬರಿಯಮ್ಮ,’ ಎಂದರು ಅವರು. ‘ಅವರು ಪೇಪರ್‌ನೋರು. ಒಂದ್ಸಲ ಅಚ್ಚಾದ್ರೆ ಮುಗೀತು.’ ಎದ್ದು ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಬಾಗಿಲ ಬಳಿ ನಿಂತು, ‘ಪೂಜೆ ಮಾಡಿದ್ದಕ್ಕೆ ಬೇಜಾರ್ ಮಾಡ್ಕೋಬೇಡ ಕಣಮ್ಮ. ನಾನಾಗಿದ್ರೂ ಇಡ್ತಿದ್ದೆ. ನಾನಾಗಿದ್ರೆ ಎರಡ್ ಕಡೇನೂ ಇಡ್ತಿದ್ದೆ, ಆಗ ಬ್ಯಾಲೆನ್ಸಾದ್ರೂ ಆಗೋದು,’ ಎಂದು ಹೋದರು.

ವರದಿ ಹೋಯಿತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಅದನ್ನು ಎಲ್ಲರ ಮುಂದೆ ಓದಿದರು. ಓದಿ ಕನ್ನಡಕ ತೆಗೆದಿಟ್ಟು, ಕಾರ್ಯದರ್ಶಿಗೆ ಧನ್ಯವಾದ ಎಂದರು. ಆಮೇಲೆ ನಿಯಮದ ಪ್ರಕಾರ ಮೂರನೆಯ ಫಲಿತಾಂಶವನ್ನು ಕೈಬಿಡಲಾಗಿದೆ ಎಂದರು. ನಮ್ಮ ದೇಶದ ಪರವಾಗಿ ಇದ್ದ ಸದಸ್ಯರು ಇನ್ನೊಂದು ಸುತ್ತು ಪರೀಕ್ಷೆಗೆ ಕೇಳಿಕೊಂಡರು. ಸಮಯವಿಲ್ಲ, ಮಾನಕ ಈಗಾಗಲೇ ತಡವಾಗಿದೆ, ಪರಿಷ್ಕರಣೆಯ ಹೊತ್ತಿಗೆ ನೋಡೋಣ ಎಂಬ ಉತ್ತರ ಬಂತು. ಪರಿಷ್ಕರಣೆ ಎಂದರೆ ವರ್ಷಗಳ ಮಾತು. ಇನ್ನೂರರ ಪರೀಕ್ಷೆ ಮುಖ್ಯ ಪಠ್ಯದಿಂದ ಎದ್ದು, ಮಾಹಿತಿಗಾಗಿ ಇರುವ ಅನುಬಂಧಕ್ಕೆ ಹೋಯಿತು. ‘ಪರೀಕ್ಷಿಸತಕ್ಕದ್ದು’ ಹೋಗಿ ‘ಪರೀಕ್ಷಿಸಿದರೆ ಒಳ್ಳೆಯದು’ ಆಯಿತು. ಆ ಬದಲಾವಣೆಯನ್ನು ಪಠ್ಯದಲ್ಲಿ ಮಾಡಿದ್ದು ನಾನೇ. ಅದು ನನ್ನ ಕೆಲಸ.

ಕೊನೆಯಲ್ಲಿ ಒಬ್ಬ ಸದಸ್ಯೆ, ಗಂಧ ಎಂದರೇನು ಎಂದು ಕೇಳಿದರು. ಮರದ ಕೊರಡನ್ನು ನೀರು ಹಾಕಿ ಕಲ್ಲಿನ ಮೇಲೆ ತೇಯುತ್ತಾರೆ, ಪರಿಮಳವಿರುತ್ತದೆ, ದೇವರಿಗೆ, ಮನುಷ್ಯರಿಗೆ, ಕೆಲಸದ ಸಾಮಾನಿಗೆ ಹಚ್ಚುತ್ತಾರೆ ಎಂದೆ. ಸಾಮಾನಿಗೆ ಯಾಕೆ ಎಂದರು. ವರ್ಷವಿಡೀ ದುಡಿದದ್ದಕ್ಕೆ ಎಂದೆ. ಅವರು ತಲೆಯಾಡಿಸಿ, ನಮ್ಮಲ್ಲಿ ಕೀಲಿಗೆ ಎಣ್ಣೆ ಬಿಡುತ್ತಾರೆ, ಅದೂ ಬಟ್ಟಲಿಗೇ ಬೀಳುತ್ತದೆ ಎಂದರು. ಇನ್ನೊಬ್ಬರು ತಮ್ಮಲ್ಲಿ ತುಕ್ಕು ಹಿಡಿಯದಿರಲೆಂದು ಮೇಣ ಸವರುತ್ತಾರೆ ಎಂದರು. ಹೊಸದೊಂದು ಕಲಂ ಅಲ್ಲೇ ಹುಟ್ಟಿತು: ಬಟ್ಟಲುಗಳ ಒಳಮೈಗಾಗಲಿ ಹೊರಮೈಗಾಗಲಿ ಯಾವ ಪದಾರ್ಥವನ್ನೂ ಹಚ್ಚತಕ್ಕದ್ದಲ್ಲ. ತಕರಾರಿಲ್ಲದೆ ಅಂಗೀಕಾರವಾಯಿತು. ಆ ಮಾನಕದಲ್ಲಿ ನಮ್ಮೂರಿನಿಂದ ಹೋದ ಕಡ್ಡಾಯದ ಮಾತು ಅದೊಂದೇ.

ಮಾನಕ ಪ್ರಕಟವಾಯಿತು. ಮಾಲೀಕರು ಬಹಳ ಕಾಲ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಅವರೇ ಕರೆದರು. ‘ಬಿಡುವಿದ್ರೆ ಶೆಡ್ ಕಡೆ ಬನ್ನಿ ಮೇಡಂ, ಒಂದ್ ವಾಕ್ಯ ತೋರಿಸ್ಬೇಕು.’

ಶೆಡ್ಡು ತೆರೆದಿತ್ತು. ಕೊಳವೆ ಬಾಗಿಸುವ ಮೂಲೆ ಮಾತ್ರ ಖಾಲಿಯಾಗಿ, ಅಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ಮೇಜಿನ ಮೇಲೆ ಹೊಸ ಮಾಪಕ. ಎತ್ತಿ ನೋಡಿದೆ, ಹಗುರವಾಗಿತ್ತು. ಕೊಳವೆ ಇರಲಿಲ್ಲ.

‘ನೂರರದ್ದು,’ ಎಂದರು. ‘ಟೆಂಡರ್ ಬಂದಿದೆ. ಮಾನಕದ ಪ್ರಕಾರ ಮಾಡ್ಕೊಡಿ ಅಂದ್ರು, ಮಾಡ್ದೆ. ನಾನ್ ಮಾಡ್ದೇ ಇದ್ರೆ ಇನ್ನೊಬ್ಬ ಮಾಡ್ತಾನೆ. ಇಲ್ಲಿ ಕೆಲಸಕ್ಕೆ ಬರೋರ್ನ ನಾಳೆಯಿಂದ ಬರ್ಬೇಡಿ ಅನ್ನೋಕ್ಕೆ ಬಾಯಿ ಬರ್ಲಿಲ್ಲ.’

‘ಒಳ್ಳೇದಾಯ್ತು ಸಾರ್.’

‘ಏನ್ ಒಳ್ಳೇದು? ಜೋರು ಮಳೇಲಿ ಸುಳ್ ಹೇಳ್ತದೆ ಇದು. ನಂಗೆ ಗೊತ್ತು, ನಿಮ್ಗೂ ಗೊತ್ತು.’

ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಮಾಪಕದ ಮೈಮೇಲೆ ಕೂರಿಸುವ ಲೋಹದ ಫಲಕದ ನಕ್ಷೆ. ತಯಾರಕರ ಹೆಸರು, ವರ್ಷ, ಅಳೆಯುವ ವ್ಯಾಪ್ತಿ ಎಲ್ಲ ಇಂಗ್ಲಿಷಿನಲ್ಲಿ. ಕೆಳಗೆ ಕನ್ನಡದಲ್ಲಿ ಕೈಬರಹದ ಒಂದು ಸಾಲು: ಮಳೆ ನೂರು ದಾಟಿದರೆ ಈ ಮಾಪಕದ ಮಾತು ನಂಬಬೇಡಿ.

‘ತಪ್ಪಿದ್ಯಾ?’

‘ಕನ್ನಡ ಸರಿ ಇದೆ. ಇದನ್ನ ಓದಿದ ಮೇಲೆ ಯಾರ್ ಕೊಂಡ್ಕೋತಾರೆ ಸಾರ್?’

‘ಕೊಂಡ್ಕೊಳೋರು ಫಲಕ ಓದಲ್ಲ ಮೇಡಂ, ರೇಟ್ ಓದ್ತಾರೆ. ಮಳೆ ದಿನ ಇದರ ಮುಂದೆ ನಿಲ್ಲೋನು ಇರ್ತಾನಲ್ಲ, ಅವನು ಓದ್ಲಿ. ಈಗ ಹೇಳಿ, ಹಿಂಗೆ ಬರೆಯೋಕ್ಕೆ ನಿಮ್ ಮಾನಕದಲ್ಲಿ ಅಡ್ಡಿ ಇದ್ಯಾ?’

ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಫಲಕದ ಕಲಂ ತೆರೆದೆ. ಆ ಪಠ್ಯ ನನಗೆ ಬಾಯಿಪಾಠವಾಗಿತ್ತು. ಆದರೂ ಮೊದಲ ಪದದಿಂದ ಕೊನೆಯವರೆಗೆ ಓದಿದೆ. ಅವರು ಪೆನ್ನು ಹಿಡಿದು ಕಾಯುತ್ತಿದ್ದರು.

‘ಇಲ್ಲ,’ ಎಂದೆ. ‘ಕೆತ್ತಿಸಿ.’